ಅಂತಾರಾಷ್ಟ್ರೀಯ ಶಾಲೆಯೂ ನೆಲದ ನುಡಿಯೂ

ಉದ್ಯೋಗನಿಮಿತ್ತವಾಗಿ ಪರದೇಶಗಳಿಂದ ಬಂದು ಕೆಲವು ವರ್ಷಗಳ ಮಟ್ಟಿಗೆ ಬೆಂಗಳೂರಿನಲ್ಲಿ ನೆಲಸಿರುವ ಕುಟುಂಬಗಳ ಮಕ್ಕಳನ್ನೂ, ಇದೇ ಊರಿನ ಅನುಕೂಲಸ್ಥರ ಮನೆಯ ಮಕ್ಕಳನ್ನೂ ಒಂದೇ ಸೂರಿನ ಕೆಳಗೆ ಕೂಡಿಸಿ ವಿದ್ಯಾಭ್ಯಾಸ ಮಾಡಿಸುವ ಅಂತಾರಾಷ್ಟ್ರೀಯ ಪ್ರೌಢಶಾಲೆಗಳು ನಗರದ ಹೊರವಲಯಗಳಲ್ಲಿ ಒಂದೊಂದಾಗಿ ತಲೆಯೆತ್ತಿರುವುದನ್ನು ಎಲ್ಲರೂ ಬಲ್ಲರು. ಅವುಗಳಲ್ಲಿ ನೂರೈವತ್ತು ಇನ್ನೂರು ಮಕ್ಕಳಿಗೆ ಮೀರದ ಸಣ್ಣ ಶಾಲೆಗಳೂ ಉಂಟು. ಅಂಥವುಗಳಲ್ಲಿ ಕೆಲವು ತಮ್ಮ ಪರಿಚಯಪತ್ರಿಕೆಯಲ್ಲಿ ದ್ವಿಭಾಷಾ ಶಾಲೆ ಎಂದು ತಮ್ಮನ್ನು ಕರೆದುಕೊಳ್ಳುತ್ತವೆ. ಈ ಶಾಲೆಗಳನ್ನು ನಡೆಸುವವರಲ್ಲಿಯೂ, ಅಲ್ಲಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಲ್ಲಿಯೂ, ದೂರದಿಂದ ನೋಡಿ ಮೆಚ್ಚುವ ವಿದ್ಯಾವಂತರಲ್ಲಿಯೂ ಒಂದು ಅಭಿಪ್ರಾಯವು ಯಾರೂ ಪ್ರಶ್ನಿಸದಷ್ಟು ಗಟ್ಟಿಯಾಗಿ ಬೇರೂರಿದೆ. ಗಣಿತ, ವಿಜ್ಞಾನ, ಇತಿಹಾಸ, ಅರ್ಥಶಾಸ್ತ್ರಗಳನ್ನು ಹೊರುವ ಭಾಷೆ ಇಂಗ್ಲಿಷ್ ಒಂದೇ ಆಗಿರತಕ್ಕದ್ದು; ನೆಲದ ಭಾಷೆಯು ವಾರಕ್ಕೆ ಮೂರು ನಾಲ್ಕು ಪೀರಿಯಡ್‌ಗಳ ಒಂದು ಪಾಠವಾಗಿ ಇದ್ದರೆ ಸಾಕು; ಪರದೇಶದ ಮಗುವಿಗೆ ಅದರ ಅವಶ್ಯಕತೆಯಿಲ್ಲ, ಇಲ್ಲಿಯ ಮಗುವಿಗೆ ಅದು ಮನೆಯಲ್ಲಿಯೇ ದೊರೆಯುತ್ತದೆ, ಆದುದರಿಂದ ಯಾರಿಗೂ ಯಾವ ನಷ್ಟವೂ ಇಲ್ಲ. ಇದು ಆ ಅಭಿಪ್ರಾಯ. ಇದರ ಒಂದೊಂದು ಅಂಗವೂ ಅಸತ್ಯವೆಂದೂ, ಇದರಿಂದ ಇಲ್ಲಿಯ ಮಗುವಿಗೆ ಆಗುವ ನಷ್ಟವು ಅಪಾರವಾದುದೆಂದೂ ನಾನು ನಂಬಿದ್ದೇನೆ.

ಇಂಥ ಶಾಲೆಗಳು ಇರಬಾರದೆಂದಾಗಲಿ, ಇಂಗ್ಲಿಷನ್ನು ಅಲ್ಲಿಂದ ಹೊರಡಿಸಬೇಕೆಂದಾಗಲಿ ನನ್ನ ವಾದವಲ್ಲ. ಸಣ್ಣ ಅಂತಾರಾಷ್ಟ್ರೀಯ ಶಾಲೆಯೆಂಬುದು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಹುಟ್ಟಿರುವ ಉದಾತ್ತ ಕಲ್ಪನೆಗಳಲ್ಲಿ ಒಂದು. ಎರಡು ಸಾವಿರ ಮಕ್ಕಳಿರುವ ಶಾಲೆಯಲ್ಲಿ ಕೊರಿಯಾದ ಎಂಜಿನಿಯರನ ಮಗನೂ ವರ್ತೂರಿನ ಹೊಲದೊಡೆಯನ ಮಗಳೂ ಹತ್ತು ವರ್ಷ ಓದಿದರೂ ಒಬ್ಬರನ್ನೊಬ್ಬರು ಕಾಣದೆ ಹೋಗಬಹುದು. ತರಗತಿಗೆ ಹದಿನೈದು ಮಕ್ಕಳಿರುವಲ್ಲಿ ಅದು ಸಾಧ್ಯವಿಲ್ಲ, ಅವರು ಒಂದೇ ಬೆಂಚಿನಲ್ಲಿ ಕೂರಲೇಬೇಕು, ಒಂದೇ ಸೀಸೆಯ ಆಮ್ಲವನ್ನು ಅಳೆಯಲೇಬೇಕು, ಜಗಳವಾಡಿ ರಾಜಿಯಾಗಲೇಬೇಕು. ಆ ಬೆಂಚಿನ ಮೇಲೆ ಎರಡು ಲೋಕಗಳು ಸಂಧಿಸುವುದಕ್ಕೆ ದೊರೆತಿರುವ ಅವಕಾಶವನ್ನು ಈ ಪ್ರಚಲಿತ ಅಭಿಪ್ರಾಯವು ಕೆಡಿಸುತ್ತಿದೆಯೆಂಬುದೇ ನನ್ನ ದೂರು.

ಈ ಬಗೆಯ ಶಾಲೆಯ ಮೂಲವನ್ನು ಹುಡುಕಿಕೊಂಡು ಹೋದರೆ ನಾವು ಜಿನೀವಾ ನಗರವನ್ನು ಮುಟ್ಟುತ್ತೇವೆ. ಮೊದಲನೆಯ ಮಹಾಯುದ್ಧದ ಬೂದಿಯ ಮೇಲೆ ಕಟ್ಟಿದ ರಾಷ್ಟ್ರಸಂಘವು ಅಲ್ಲಿ ನೆಲೆಗೊಂಡಮೇಲೆ ನಾನಾ ದೇಶಗಳ ಅಧಿಕಾರಿಗಳು ಸಂಸಾರಸಮೇತರಾಗಿ ಬಂದಿಳಿದರು. ಅವರ ಮಕ್ಕಳಿಗಾಗಿ 1924ರಲ್ಲಿ, ರಾಷ್ಟ್ರಸಂಘದ ವಾರ್ತಾವಿಭಾಗದಲ್ಲಿದ್ದ ಅಮೆರಿಕದ ಆರ್ಥರ್ ಸ್ವೀಟ್ಸರ್, ಆರೋಗ್ಯವಿಭಾಗದ ಮುಖ್ಯಸ್ಥನಾಗಿದ್ದ ಪೋಲೆಂಡಿನ ಲುಡ್ವಿಕ್ ರೈಕ್ಮನ್, ಜಿನೀವಾದವನೇ ಆದ ಶಿಕ್ಷಣಶಾಸ್ತ್ರಜ್ಞ ಅಡಾಲ್ಫ್ ಫೆರಿಯೇರ್ ಮೊದಲಾದವರು ಸೇರಿ ಒಂದು ಶಾಲೆಯನ್ನು ತೆರೆದರು. ಬೆರಳಲ್ಲಿ ಎಣಿಸಬಹುದಾದಷ್ಟು ಮಕ್ಕಳಿಂದ ಆರಂಭವಾದ ಆ ಶಾಲೆ 1929ರಲ್ಲಿ ಲಾ ಗ್ರಾಂಡ್ ಬ್ವಾಸಿಯೇರ್ ಎಂಬ ವಿಶಾಲವಾದ ತೋಟದ ಮನೆಗೆ ಸ್ಥಳಾಂತರಗೊಂಡಿತು. ಕಮಲಾ ನೆಹರು ಅವರ ಚಿಕಿತ್ಸೆಗಾಗಿ ನೆಹರು ಕುಟುಂಬವು 1926ರಲ್ಲಿ ಜಿನೀವಾದಲ್ಲಿದ್ದಾಗ ಬಾಲಕಿ ಇಂದಿರೆಯೂ ಅಲ್ಲಿ ಕೆಲವು ಕಾಲ ಓದಿದ್ದುಂಟು.

ಆ ಶಾಲೆಯ ಸ್ಥಾಪಕರ ಮುಂದಿದ್ದ ಸುಲಭವಾದ ಮಾರ್ಗ ಯಾವುದು? ಅಧಿಕಾರಿಗಳು ನಾಲ್ಕಾರು ವರ್ಷ ಇದ್ದು ಹೋಗತಕ್ಕವರು. ಅವರಲ್ಲಿ ಬಹುಮಂದಿಗೆ ಇಂಗ್ಲಿಷ್ ಸಾಲುತ್ತಿತ್ತು. ಊರಿನ ಭಾಷೆಯನ್ನು ಸೌಜನ್ಯಕ್ಕೆಂದು ಒಂದು ಪಾಠವಾಗಿಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಊರಿನ ಭಾಷೆಯಾದ ಫ್ರೆಂಚನ್ನೂ ಇಂಗ್ಲಿಷನ್ನೂ ಸರಿಸಮಾನವಾಗಿ ಕೂರಿಸಿ, ಯಾವ ದೇಶದ ಮಗುವೇ ಆಗಲಿ ಎರಡರಲ್ಲಿಯೂ ಓದಿ ಕೆಲಸಮಾಡಬಲ್ಲುದಾಗಬೇಕೆಂದು ನಿಶ್ಚಯಿಸಿದರು. 1929ರಿಂದ 1949ರ ವರೆಗೆ ಇಪ್ಪತ್ತು ವರ್ಷ ಆ ಶಾಲೆಯನ್ನು ನಡೆಸಿದ ಮರೀ ತೆರೇಸ್ ಮೋರೆಟ್ ಎಂಬ ಮಹಿಳೆ ತಮ್ಮ ಅನುಭವವನ್ನು 1948ರಲ್ಲಿ ಯುನೆಸ್ಕೋ ಸಂಸ್ಥೆಗಾಗಿ ಬರೆದಿಟ್ಟರು; ಶಾಂತಿಗಾಗಿ ಮಕ್ಕಳನ್ನು ಬೆಳಸುವ ವಿಧಾನಗಳು ಇವೆಯೇ ಎಂಬುದು ಆ ಪ್ರಬಂಧದ ಪ್ರಶ್ನೆ. ಅಂತಹ ವಿಧಾನಗಳಲ್ಲಿ ಎರಡು ಭಾಷೆಗಳ ಅಭ್ಯಾಸಕ್ಕೆ ಆಕೆ ಮುಖ್ಯವಾದ ಸ್ಥಾನವನ್ನು ಕೊಟ್ಟರು. ಯುದ್ಧವು ಸುತ್ತಲೂ ಉರಿಯುತ್ತಿದ್ದ ವರ್ಷಗಳಲ್ಲಿ, ಪರಸ್ಪರ ಹೋರಾಡುತ್ತಿದ್ದ ದೇಶಗಳ ಮಕ್ಕಳನ್ನು ಒಂದೇ ಮನೆಯಲ್ಲಿಟ್ಟುಕೊಂಡು ಬಾಳಿದವರ ಮಾತಿಗೆ, ವಸತಿಸಮುಚ್ಚಯದ ಜಾಹೀರಾತಿನ ಪಕ್ಕದಲ್ಲಿ ಪ್ರಕಟವಾಗುವ ಶಾಲೆಯ ಜಾಹೀರಾತಿಗಿಂತ ಹೆಚ್ಚಿನ ತೂಕವಿದೆಯೆಂದು ನಾನು ಭಾವಿಸುತ್ತೇನೆ.

ಅದೇ ಜಿನೀವಾದಲ್ಲಿ 1968ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಪರೀಕ್ಷಾಸಂಸ್ಥೆಯ ಡಿಪ್ಲೊಮಾ ಪಠ್ಯಕ್ರಮವನ್ನು ನಮ್ಮ ಊರಿನ ಹಲವು ಶಾಲೆಗಳು ಅನುಸರಿಸುತ್ತಿವೆ. ಜನರ ವಾಡಿಕೆಯಲ್ಲಿ ಅದು ಐಬಿ. ಅದರ ನಿಯಮದಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಯೂ ಎರಡು ಭಾಷೆಗಳನ್ನು ಓದಬೇಕು. ತನಗೆ ಚೆನ್ನಾಗಿ ಬರುವ ಭಾಷೆಯ ಸಾಹಿತ್ಯವನ್ನು, ಶಾಲೆಯಲ್ಲಿ ಅದಕ್ಕೆ ಅಧ್ಯಾಪಕರಿಲ್ಲದಿದ್ದರೂ, ಶಾಲೆಯ ಬೆಂಬಲದಿಂದ ಸ್ವಂತವಾಗಿ ಓದಿ ಪರೀಕ್ಷೆಗೆ ಕೂರುವ ಮಾರ್ಗವನ್ನು ಕೂಡ ಆ ಕ್ರಮವು ತೆರೆದಿಟ್ಟಿದೆ. ಹೀಗಿರುವಾಗ ಕನ್ನಡದ ಮನೆಯಿಂದ ಬಂದ ಹುಡುಗಿ ಇಂಗ್ಲಿಷನ್ನು ಮೊದಲನೆಯದಾಗಿಯೂ ಫ್ರೆಂಚನ್ನೋ ಸ್ಪ್ಯಾನಿಷನ್ನೋ ಎರಡನೆಯದಾಗಿಯೂ ಆರಿಸಿಕೊಂಡು, ತನ್ನ ಅಜ್ಜಿ ಮಾತಾಡುವ ಭಾಷೆಯನ್ನು ಪಟ್ಟಿಯಿಂದಲೇ ಬಿಟ್ಟುಬಿಡುವುದು ಪಠ್ಯಕ್ರಮವು ವಿಧಿಸಿದ ಅನಿವಾರ್ಯವಲ್ಲ. ಹದಿನಾರು ವರ್ಷದ ಮಗುವಿನ ಎದುರಿಗೆ ಹಿರಿಯರು ಇಟ್ಟ ಆಯ್ಕೆಯ ಫಲ.

ಈಗ ಪ್ರತಿಪಕ್ಷದವರ ಬಲವಾದ ಸಾಕ್ಷಿಯನ್ನೇ ತೆಗೆದುಕೊಳ್ಳೋಣ. ಪರಭಾಷೆಯಲ್ಲಿಯೇ ಎಲ್ಲವನ್ನೂ ಕಲಿಸಿದರೆ ಮಕ್ಕಳಿಗೆ ಹಾನಿಯಿಲ್ಲವೆಂಬುದಕ್ಕೆ ಅವರು ಕೆನಡಾದ ಪ್ರಯೋಗವನ್ನು ಮುಂದಿಡುತ್ತಾರೆ. ಮಾಂಟ್ರಿಯಲ್ ನಗರದ ಮಗ್ಗುಲಿನ ಸೇಂಟ್ ಲ್ಯಾಂಬರ್ಟ್ ಎಂಬ ಊರಿನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ಒತ್ತಾಯಮಾಡಿ, ತಮ್ಮ ಮಕ್ಕಳಿಗೆ ಶಿಶುತರಗತಿಯಿಂದಲೇ ಫ್ರೆಂಚಿನಲ್ಲಿ ಕಲಿಸುವ ಏರ್ಪಾಡನ್ನು ಪಡೆದರು. ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ವಾಲೆಸ್ ಲ್ಯಾಂಬರ್ಟ್, ರಿಚರ್ಡ್ ಟಕ್ಕರ್ ಎಂಬ ವಿದ್ವಾಂಸರು ಆ ಮಕ್ಕಳನ್ನು ವರ್ಷವರ್ಷವೂ ಪರೀಕ್ಷಿಸಿ 1972ರಲ್ಲಿ ಪುಸ್ತಕವನ್ನು ಪ್ರಕಟಿಸಿದರು: ಮಕ್ಕಳು ಫ್ರೆಂಚನ್ನು ಚೆನ್ನಾಗಿ ಗಳಿಸಿದ್ದರು, ಇಂಗ್ಲಿಷನ್ನು ಕಳೆದುಕೊಂಡಿರಲಿಲ್ಲ, ಗಣಿತದಲ್ಲಿ ಹಿಂದೆ ಬಿದ್ದಿರಲಿಲ್ಲ. ಇದು ನಿಜ. ಎರಡು ಭಾಷೆಗಳ ಭಾರದಿಂದ ಮಗುವಿನ ಬುದ್ಧಿ ಕುಗ್ಗುತ್ತದೆಂದು ವೇಲ್ಸಿನ ಹಳ್ಳಿಯ ಮಕ್ಕಳ ಮೇಲೆ ನಡೆದ 1923ರ ಪರೀಕ್ಷೆಗಳ ಆಧಾರದಿಂದ ಹಬ್ಬಿದ್ದ ಭೀತಿಯನ್ನು ಇದೇ ಲ್ಯಾಂಬರ್ಟ್ 1962ರಷ್ಟು ಹಿಂದೆಯೇ, ಎಲಿಜಬೆತ್ ಪೀಲ್ ಎಂಬಾಕೆಯೊಡನೆ ಸೇರಿ ಮಾಂಟ್ರಿಯಲಿನ ಹತ್ತು ವರ್ಷದ ಮಕ್ಕಳ ಅಧ್ಯಯನದಿಂದ ಅಲುಗಾಡಿಸಿದ್ದನು. ಎರಡು ಭಾಷೆ ಹೊರೆಯೆಂಬ ವಾದ ಇಂದು ಉಳಿದಿಲ್ಲ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಆದರೆ ಲ್ಯಾಂಬರ್ಟನು ಅಲ್ಲಿಗೆ ನಿಲ್ಲಲಿಲ್ಲವೆಂಬುದನ್ನು ಈ ಜನ ಹೇಳುವುದಿಲ್ಲ. ಮುಂದಿನ ವರ್ಷಗಳಲ್ಲಿ ಅವನೇ ಒಂದು ಭೇದವನ್ನು ಸ್ಪಷ್ಟಪಡಿಸಿದನು. ಸಮಾಜದಲ್ಲಿ ಪ್ರತಿಷ್ಠೆಯೂ ಅಧಿಕಾರವೂ ಇರುವ ಭಾಷೆಯ ಮಗುವು ಮತ್ತೊಂದು ಭಾಷೆಯಲ್ಲಿ ಓದಿದರೆ, ಇದ್ದುದಕ್ಕೆ ಇನ್ನೊಂದು ಕೂಡಿಕೊಳ್ಳುತ್ತದೆ. ಏಕೆಂದರೆ ಆ ಮಗುವಿನ ಮೊದಲನೆಯ ಭಾಷೆಯನ್ನು ಅಂಗಡಿ, ಆಫೀಸು, ಪತ್ರಿಕೆ, ಸಿನಿಮಾ, ಮುಂದಿನ ಉದ್ಯೋಗ ಎಲ್ಲವೂ ಪೋಷಿಸುತ್ತಲೇ ಇರುತ್ತವೆ. ಪ್ರತಿಷ್ಠೆ ಕಡಮೆಯಿರುವ ಭಾಷೆಯ ಮಗುವನ್ನು ಅದೇ ಏರ್ಪಾಡಿಗೆ ಒಡ್ಡಿದರೆ, ಹೊಸದು ಬರುವಷ್ಟರಲ್ಲಿ ಹಳೆಯದು ಕರಗಿಹೋಗುತ್ತದೆ. ಒಂದೇ ಕೊಠಡಿ, ಒಂದೇ ಪುಸ್ತಕ, ಒಬ್ಬರೇ ಅಧ್ಯಾಪಕರು. ಒಂದು ಮಗುವಿಗೆ ಸಂಕಲನ, ಪಕ್ಕದ ಮಗುವಿಗೆ ವ್ಯವಕಲನ. ನಮ್ಮ ಅಂತಾರಾಷ್ಟ್ರೀಯ ಶಾಲೆಯ ಬೆಂಚಿನ ಮೇಲೆ ನಡೆಯುತ್ತಿರುವುದು ಇದೇ. ಜರ್ಮನಿಯಿಂದ ಬಂದ ಹುಡುಗನು ಇಂಗ್ಲಿಷನ್ನು ಕೂಡಿಸಿಕೊಂಡು ಊರಿಗೆ ಹಿಂದಿರುಗುತ್ತಾನೆ. ಅವನ ಜರ್ಮನ್ ಅವನಿಗಾಗಿ ಕಾದಿರುತ್ತದೆ, ಅದರಲ್ಲಿ ವೈದ್ಯವನ್ನೂ ನ್ಯಾಯಶಾಸ್ತ್ರವನ್ನೂ ಓದುವ ವಿಶ್ವವಿದ್ಯಾನಿಲಯಗಳಿವೆ. ಅವನ ಪಕ್ಕದಲ್ಲಿ ಕುಳಿತ ಹೊಸಕೋಟೆಯ ಹುಡುಗಿಯ ಕನ್ನಡಕ್ಕೆ ಶಾಲೆಯ ಹೊರಗೆ ಅಂತಹ ಆಸರೆ ಎಲ್ಲಿದೆ? ಸಮಾನತೆಯೆಂದು ತೋರುವ ಈ ಏರ್ಪಾಡಿನ ಒಳಗೆ ಅನ್ಯಾಯವು ಕುಳಿತಿದೆ. ಅದರ ಭಾರವೆಲ್ಲ ಬೀಳುವುದು ಇಲ್ಲಿಯ ಮಗುವಿನ ಮೇಲೆ.

ಮನೆಯಲ್ಲಿ ಕನ್ನಡ ಬರುತ್ತದಲ್ಲ ಎಂಬ ಸಮಾಧಾನವು ಇಲ್ಲಿ ತಪ್ಪದೆ ಕೇಳಿಬರುತ್ತದೆ. ಪ್ರಚಲಿತ ಅಭಿಪ್ರಾಯದ ಮರ್ಮವೇ ಇದು. ಮನೆಯು ಮಗುವಿಗೆ ಕೊಡುವ ಭಾಷೆ ಅಮೂಲ್ಯವಾದುದು: ಊಟಕ್ಕೆ ಕರೆಯುವುದು, ಗದರುವುದು, ಮುದ್ದಿಸುವುದು, ಹಬ್ಬದ ಕೆಲಸ ಹಂಚುವುದು, ಸತ್ತವರನ್ನು ನೆನೆಯುವುದು. ಆದರೆ ಒಂದು ಕಾರಣದಿಂದ ಒಂದು ಕಾರ್ಯ ಹೇಗೆ ಹುಟ್ಟಿತೆಂದು ವಿವರಿಸುವುದು, ಎರಡು ಸಾಕ್ಷಿಗಳು ಒಂದನ್ನೊಂದು ವಿರೋಧಿಸಿದಾಗ ತೂಗಿ ನೋಡುವುದು, ಎದುರಾಳಿಯ ವಾದವನ್ನು ಅವನೇ ಒಪ್ಪುವಂತೆ ಹೇಳಿ ಬಳಿಕ ಖಂಡಿಸುವುದು, ಇವು ಅಡಿಗೆಮನೆಯಲ್ಲಿ ಕಲಿಯುವ ವಿದ್ಯೆಗಳಲ್ಲ. ಯಾವ ಭಾಷೆಯ ಮನೆಯಲ್ಲಿಯೂ ಅಲ್ಲ. ಇಂಗ್ಲೆಂಡಿನ ಮಗುವಿಗೆ ಮನೆಯಲ್ಲಿ ಇಂಗ್ಲಿಷ್ ಬರುತ್ತದೆಂದು ಅಲ್ಲಿಯ ಶಾಲೆಗಳು ಇಂಗ್ಲಿಷನ್ನು ಕೈಬಿಟ್ಟವೇ? ಮಾತಿನ ಚುರುಕಿಗೂ ವಿದ್ಯೆಯ ಭಾಷೆಗೂ ಇರುವ ಅಂತರವನ್ನು ಕೆನಡಾದ ಜಿಮ್ ಕಮಿನ್ಸ್ ವಲಸೆಬಂದ ಮಕ್ಕಳಲ್ಲಿ ಅಳೆದು ತೋರಿಸಿದ್ದಾನೆ: ಆಟದ ಬಯಲಿನ ಮಾತು ಸುಮಾರು ಎರಡು ವರ್ಷಗಳಲ್ಲಿ ಕೈವಶವಾದರೆ, ಪಾಠದ ಭಾಷೆಯಲ್ಲಿ ಜೊತೆಯವರನ್ನು ಸರಿಗಟ್ಟಲು ಐದರಿಂದ ಏಳು ವರ್ಷಗಳ ಶಾಲಾಭ್ಯಾಸ ಬೇಕಾಗುತ್ತದೆ. ಕನ್ನಡದಲ್ಲಿ ಆ ಐದು ವರ್ಷಗಳ ಅಭ್ಯಾಸವನ್ನು ಕೊಡದೆ, ಮನೆಯಲ್ಲಿದೆಯಲ್ಲ ಎಂದು ತಳ್ಳಿಹಾಕುವುದು ಮಗುವಿನ ಭಾಷೆಯನ್ನು ಎಂಟನೆಯ ವಯಸ್ಸಿನಲ್ಲಿ ನಿಲ್ಲಿಸಿಬಿಡುವುದಕ್ಕೆ ಸಮ.

ಒಂದು ಸಂದರ್ಭವನ್ನು ಹೇಳಬೇಕು. ಇಂಥದೊಂದು ಸಣ್ಣ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಪರಿಸರವಿಜ್ಞಾನದ ಪಾಠಕ್ಕಾಗಿ ವರ್ತೂರು ಕೆರೆಯ ಕೋಡಿಯ ಬಳಿಗೆ ಬಂದಿದ್ದರು, ನಾನೂ ಜೊತೆಯಲ್ಲಿದ್ದೆನು. ಬೆಳ್ಳಂದೂರು ಕೆರೆಯಿಂದ ಹರಿದುಬರುವ ನಗರದ ಕೊಳಚೆಯು ವರ್ತೂರಿಗೆ ಸೇರಿ, ಸಾಬೂನು ಪುಡಿಗಳ ಅಂಶವನ್ನು ಹೊತ್ತ ನೀರು ಕೋಡಿಯಲ್ಲಿ ಧುಮುಕುವಾಗ ಆಳೆತ್ತರದ ನೊರೆಯೆದ್ದು ರಸ್ತೆಗೆ ಹಾರುತ್ತಿದ್ದುದನ್ನೂ, 2017ರಲ್ಲಿಯೂ 2018ರಲ್ಲಿಯೂ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿದುದನ್ನೂ ಪತ್ರಿಕೆಗಳಲ್ಲಿ ಓದಿದವರು ಮರೆತಿರಲಾರರು. ಮಕ್ಕಳು ಸೀಸೆಗಳಲ್ಲಿ ನೀರು ಹಿಡಿದರು, ಬಣ್ಣ ಬದಲಾಗುವ ಕಾಗದವನ್ನು ಅದ್ದಿ ನೋಡಿದರು, ಫಾಸ್ಫೇಟಿನ ಪ್ರಮಾಣವನ್ನು ಪಟ್ಟಿಯಲ್ಲಿ ಬರೆದುಕೊಂಡರು. ಕೆಲಸ ಅಚ್ಚುಕಟ್ಟಾಗಿತ್ತು. ಏರಿಯ ಕೆಳಗೆ ಸೊಪ್ಪು ಬೆಳೆಯುವ ಎಪ್ಪತ್ತು ದಾಟಿದ ರೈತರೊಬ್ಬರು ಹತ್ತಿರ ಬಂದು, ಏನು ಮಾಡುತ್ತಿದ್ದೀರಪ್ಪ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಹೇಳತೊಡಗಿದರು. ನೀರುಗಂಟಿಯು ತೂಬನ್ನು ಯಾವ ತಿಂಗಳಲ್ಲಿ ಎಷ್ಟು ಎತ್ತುತ್ತಿದ್ದನು, ಅಚ್ಚುಕಟ್ಟಿನಲ್ಲಿ ಭತ್ತ ಎಲ್ಲಿಯ ವರೆಗೆ ಬೆಳೆಯುತ್ತಿತ್ತು, ಮೇಲಿನ ರಾಜಕಾಲುವೆ ಯಾವ ಬಡಾವಣೆ ಎದ್ದಮೇಲೆ ಮೊದಲು ಕಪ್ಪಾಯಿತು, ಆ ವರ್ಷ ಯಾವ ಮೀನು ಮೊದಲು ಸತ್ತಿತು, ಯಾವುದು ಇನ್ನೂ ಉಳಿದಿದೆ, ನೊರೆ ಏಳುವುದಕ್ಕೂ ಮೊದಲ ಮಳೆಗೂ ಇರುವ ಸಂಬಂಧವೇನು. ಅರ್ಧ ಗಂಟೆ ಅವರು ಮಾತಾಡಿದರು. ಅದು ಕ್ರಮಬದ್ಧವಾದ ನಾಲ್ವತ್ತು ವರ್ಷಗಳ ಅವಲೋಕನ. ಮಕ್ಕಳ ಸೀಸೆಯಲ್ಲಿದ್ದುದು ಆ ಒಂದು ಬೆಳಗಿನ ನೀರು.

ಜರ್ಮನ್ ಹುಡುಗನೊಬ್ಬನು ತುಂಬ ಆಸಕ್ತಿಯಿಂದ, ಇವರೇನು ಹೇಳುತ್ತಿದ್ದಾರೆ ಎಂದು ಪಕ್ಕದ ಹುಡುಗಿಯನ್ನು ಕೇಳಿದನು. ಅವಳ ಮನೆಮಾತು ಕನ್ನಡ. ತಾತನ ಮನೆ ಅಲ್ಲಿಂದ ಹತ್ತು ಮೈಲಿ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು. ಅವಳು ಸ್ವಲ್ಪ ಹೊತ್ತು ತಡೆದು, ಮೊದಲು ನೀರು ಚೆನ್ನಾಗಿತ್ತಂತೆ, ಈಗ ಕೆಟ್ಟಿದೆಯಂತೆ ಎಂದಳು. ಅರ್ಧ ಗಂಟೆಯ ಸಾಕ್ಷ್ಯವು ಅಷ್ಟಕ್ಕೆ ಮುಗಿಯಿತು. ಅಧ್ಯಾಪಿನಿಯವರಿಗೂ ಕನ್ನಡ ಬರುತ್ತಿರಲಿಲ್ಲ. ಅವರು ರೈತರಿಗೆ ಕೈಮುಗಿದು ಮಕ್ಕಳನ್ನು ಬಸ್ಸಿನ ಕಡೆಗೆ ಕರೆದುಕೊಂಡು ಹೋದರು. ಆ ಹುಡುಗಿಯನ್ನು ದೂಷಿಸುವುದು ಪಾಪ. ಕಾರಣ, ಕ್ರಮ, ಪ್ರಮಾಣಗಳುಳ್ಳ ಒಂದು ವಿಷಯವನ್ನು ಕನ್ನಡದಲ್ಲಿ ಕೇಳಿ ಗ್ರಹಿಸು, ಕನ್ನಡದಲ್ಲಿ ಬರೆ ಎಂದು ಅವಳಿಗೆ ಒಂಬತ್ತು ವರ್ಷಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಆ ದಿನ ಅವಳು ಕಳೆದುಕೊಂಡಷ್ಟನ್ನೇ ಜರ್ಮನ್ ಹುಡುಗನೂ ಕಳೆದುಕೊಂಡನು, ವಿಜ್ಞಾನವೂ ಕಳೆದುಕೊಂಡಿತು. ಆ ಕೆರೆಯನ್ನು ಬಲ್ಲವರು ಬಹುಮಟ್ಟಿಗೆ ಇಂಗ್ಲಿಷ್ ಬಾರದವರು. ಅವರ ಬಳಿಗೆ ಹೋಗಲಾರದ ವಿಜ್ಞಾನವು ವರ್ತೂರಿನ ಏರಿಯ ಮೇಲೆ ನಿಂತಿದ್ದರೂ ವರ್ತೂರಿನದಾಗುವುದಿಲ್ಲ.

ಪರದೇಶದ ಮಗುವಿಗೆ ಕನ್ನಡ ಏತಕ್ಕೆ, ಎರಡು ಮೂರು ವರ್ಷ ಇದ್ದು ಹೋಗುವವರ ಮೇಲೆ ಈ ಹೊರೆ ಏತಕ್ಕೆ ಎಂದು ಕೇಳುವವರಿದ್ದಾರೆ. ಜಿನೀವಾದ ಅಧಿಕಾರಿಗಳ ಮಕ್ಕಳೂ ಇದ್ದು ಹೋಗತಕ್ಕವರೇ ಆಗಿದ್ದರೆಂಬುದು ಒಂದು ಉತ್ತರ. ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದಕ್ಕಿಂತ ಹತ್ತಿರದ ಉತ್ತರವಿದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲನೆಯ ಪತ್ರಿಕೆಯನ್ನು ಹೊರಡಿಸಿದನು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನು ನಾಲ್ಕು ದಶಕಗಳ ಪರಿಶ್ರಮದ ಫಲವಾದ ನಿಘಂಟನ್ನು 1894ರಲ್ಲಿ ಅಚ್ಚುಮಾಡಿಸಿದನು. ಅವರು ಬಂದ ಉದ್ದೇಶ ಮತಪ್ರಚಾರವಾಗಿತ್ತು, ಅದನ್ನು ನಾನು ಮರೆತಿಲ್ಲ. ಆದರೂ ಈ ನೆಲದ ಮಾತನ್ನು ಕಲಿಯದೆ ಇಲ್ಲಿ ಬಾಳುವುದು ಸಾಧ್ಯವೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಬೇರೆ ರಾಜ್ಯಗಳಿಂದ ಕರ್ನಾಟಕಕ್ಕೆ ನೇಮಕವಾಗಿ ಬರುವ ಐಎಎಸ್ ಅಧಿಕಾರಿಯೂ ಇಂದು ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹನ್ನೆರಡು ವರ್ಷದ ಮಗುವಿಗೆ ಭಾಷೆಯನ್ನು ಕಲಿಯುವ ಶಕ್ತಿ ಮೂವತ್ತು ವರ್ಷದ ಅಧಿಕಾರಿಗಿಂತ ಕಡಮೆಯೆಂದು ಯಾರು ವಾದಿಸಿಯಾರು? ಆ ಮಗು ಮೂರು ವರ್ಷಗಳ ಬಳಿಕ ಹೊರಟುಹೋದರೆ ಹೋಗಲಿ. ಅದುವರೆಗೆ ಅದು ತರಕಾರಿಯವಳೊಡನೆ, ಬಸ್ ಕಂಡಕ್ಟರನೊಡನೆ, ತನ್ನ ಸ್ನೇಹಿತೆಯ ಅಜ್ಜಿಯೊಡನೆ ಮನುಷ್ಯನು ಮನುಷ್ಯನೊಡನೆ ಮಾತಾಡುವಂತೆ ಮಾತಾಡಿರುತ್ತದೆ. ಗೇಟು ಹಾಕಿದ ಬಡಾವಣೆಯಿಂದ ಗೇಟು ಹಾಕಿದ ಶಾಲೆಗೆ ಹೋಗಿಬಂದು ಮೂರು ವರ್ಷ ಕಳೆದ ಮಗುವನ್ನು ಭಾರತವನ್ನು ಕಂಡ ಮಗುವೆಂದು ಅದರ ತಂದೆತಾಯಿಗಳು ಹೇಗೆ ಹೇಳಿಯಾರು?

ಫ್ರೆಂಚ್ ಲೋಕಭಾಷೆ, ಜಿನೀವಾದ ಉದಾಹರಣೆ ಕನ್ನಡಕ್ಕೆ ಸಲ್ಲದು ಎಂಬ ಆಕ್ಷೇಪಣೆಯನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಅದಕ್ಕೆ ಬರ್ಲಿನ್ನಿನ ಉದಾಹರಣೆಯನ್ನು ಕೊಡುತ್ತೇನೆ. 1992ರಿಂದ ಆ ನಗರವು ಶುಲ್ಕವಿಲ್ಲದ ಸರಕಾರಿ ಶಾಲೆಗಳಲ್ಲಿ ಯುರೋಪು ಶಾಲೆಗಳೆಂಬ ವಿಭಾಗಗಳನ್ನು ನಡೆಸುತ್ತಿದೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಜರ್ಮನ್ ಮನೆಮಾತಿನವರು, ಉಳಿದರ್ಧ ಮತ್ತೊಂದು ಭಾಷೆಯವರು ಎಂಬುದು ಅಲ್ಲಿಯ ಕಲ್ಪನೆ. ಪಾಠಗಳನ್ನು ಎರಡೂ ಭಾಷೆಗಳಿಗೆ ಹಂಚಿ, ಇತಿಹಾಸ, ಭೂಗೋಳ, ಜೀವಶಾಸ್ತ್ರದಂತಹ ವಿಷಯಗಳನ್ನು ಆ ಜೊತೆಯ ಭಾಷೆಯಲ್ಲಿ ಕಲಿಸುತ್ತಾರೆ. ಹೀಗೆ ಆರಿಸಿಕೊಂಡ ಒಂಬತ್ತು ಭಾಷೆಗಳಲ್ಲಿ ಇಂಗ್ಲಿಷ್ ಫ್ರೆಂಚುಗಳಷ್ಟೇ ಅಲ್ಲ, ಪೋಲಿಷ್, ಟರ್ಕಿಷ್, ಗ್ರೀಕ್ ಭಾಷೆಗಳೂ ಸೇರಿವೆ. ಇಂದಿನ ಗ್ರೀಕ್ ಭಾಷೆಯನ್ನಾಡುವವರು ಒಂದೂಕಾಲು ಕೋಟಿಯ ಆಸುಪಾಸಿನವರು. ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ. ಪರದೇಶದಿಂದ ಬಂದವರ ಗ್ರೀಕಿಗೆ ಬರ್ಲಿನ್ ಕೊಟ್ಟ ಗೌರವವನ್ನು ಬೆಂಗಳೂರು ತನ್ನದೇ ನೆಲದ ಭಾಷೆಗೆ ಕೊಡಲಾರದೆಂದರೆ ಆ ಕೊರತೆ ಭಾಷೆಯದಲ್ಲ.

ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದೆಂಬ ಮಾತನ್ನಂತೂ ನೂರು ವರ್ಷಗಳ ಹಿಂದೆಯೇ ಹೂಳಬೇಕಾಗಿತ್ತು. ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದುದು 1918ರಲ್ಲಿ. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನ. ಒಂಬತ್ತನೆಯ ತರಗತಿಯ ಜೀವಶಾಸ್ತ್ರದ ಪಾಠಕ್ಕೆ ಅದಕ್ಕಿಂತ ಉತ್ತಮವಾದ ಸಂಗಾತಿಯನ್ನು ನಾನು ಬೇರೆ ಯಾವ ಭಾಷೆಯಲ್ಲಿಯೂ ಕಂಡಿಲ್ಲ. ಇವುಗಳಲ್ಲಿ ಒಂದಾದರೂ ಈ ಶಾಲೆಗಳ ಗಾಜಿನ ಗೋಡೆಯ ಗ್ರಂಥಾಲಯಗಳಲ್ಲಿ ಇದೆಯೇ ಎಂದು ತಂದೆತಾಯಿಗಳು ಒಮ್ಮೆ ಹೋಗಿ ಕೇಳಲಿ.

ಬೆಂಗಳೂರಿನಲ್ಲಿ ತಮಿಳು, ತೆಲುಗು, ಉರ್ದು, ಮರಾಠಿ, ಕೊಂಕಣಿ ಮನೆಗಳು ಲೆಕ್ಕವಿಲ್ಲದಷ್ಟಿರುವಾಗ ಕನ್ನಡವೊಂದಕ್ಕೇ ಈ ಸ್ಥಾನವೇಕೆಂಬುದು ಮತ್ತೊಂದು ಆಕ್ಷೇಪ. ಪ್ರಶ್ನೆ ಪ್ರಾಮಾಣಿಕವಾದುದು. ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಎಂಟು ಮಂದಿ ಕನ್ನಡ ಲೇಖಕರಲ್ಲಿ ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಮನೆಯ ಮಾತನ್ನು ಅವರಲ್ಲಿ ಯಾರೂ ಬಿಡಲಿಲ್ಲ, ಇಂಗ್ಲಿಷನ್ನು ಯಾರೂ ಕಡೆಗಣಿಸಲಿಲ್ಲ; ನೆಲದ ಮಾತಿನಲ್ಲಿ ತಮ್ಮ ಶ್ರೇಷ್ಠವಾದುದನ್ನು ಬರೆದರು. ಈ ನಾಡಿನಲ್ಲಿ ಕನ್ನಡವು ಹಲವು ಮನೆಮಾತಿನವರು ಕೂಡುವ ಅಂಗಳವಾಗಿತ್ತು. ಅಂತಾರಾಷ್ಟ್ರೀಯ ಶಾಲೆಯು ಹುಡುಕುತ್ತಿರುವುದು ಅಂತಹ ಅಂಗಳವನ್ನೇ. ಅದು ಬಾಗಿಲಾಚೆಯಲ್ಲಿಯೇ ಇದೆ.

ಇದನ್ನು ಕಾನೂನಿನ ಬಲದಿಂದ ಮಾಡಿಸಬಹುದೆಂಬ ಭ್ರಮೆ ನನಗಿಲ್ಲ. ಮಾತೃಭಾಷೆಯನ್ನೇ ಮಾಧ್ಯಮವನ್ನಾಗಿ ಸರಕಾರವು ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಮೊಕದ್ದಮೆಯಲ್ಲಿಯೇ 2014ರ ಮೇ ತಿಂಗಳಿನಲ್ಲಿ ತೀರ್ಪಿತ್ತಿದೆ. ಮರುವರ್ಷದ ಕನ್ನಡ ಭಾಷಾ ಕಲಿಕೆ ಅಧಿನಿಯಮವು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿದೆಯಾದರೂ, ಮನಸ್ಸಿಲ್ಲದ ಶಾಲೆಯು ಕಾನೂನನ್ನು ವೇಳಾಪಟ್ಟಿಯ ಕೊನೆಯ ಪೀರಿಯಡ್ಡಿನಲ್ಲಿ ಪಾಲಿಸಿ ಮುಗಿಸುತ್ತದೆ. ಆಯ್ಕೆಯು ತಂದೆತಾಯಿಗಳ ಹಕ್ಕೆಂದು ನ್ಯಾಯಾಲಯವು ಹೇಳಿರುವುದರಿಂದಲೇ ನನ್ನ ಮಾತು ಅವರನ್ನು ಕುರಿತದ್ದು. ವರ್ಷಕ್ಕೆ ಹಲವು ಲಕ್ಷ ರೂಪಾಯಿಗಳ ಶುಲ್ಕವನ್ನು ಕೊಡುವವರಿಗೆ ಕೇಳುವ ಅಧಿಕಾರವಿದೆ. ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ, ಈಜುಕೊಳದ ನೀರಿನ ಬಗ್ಗೆ ಅವರು ಕೇಳುತ್ತಲೂ ಇದ್ದಾರೆ. ಇತಿಹಾಸವನ್ನೋ ಭೂಗೋಳವನ್ನೋ, ಒಂದು ವಿಷಯವನ್ನಾದರೂ, ಎಲ್ಲ ಮಕ್ಕಳಿಗೂ ಕನ್ನಡದಲ್ಲಿ ಕಲಿಸುವ ಅಧ್ಯಾಪಕರನ್ನು ನೇಮಿಸಿರೆಂದು ಅವರು ಕೇಳಬಹುದು. 1953ರಲ್ಲಿ ಲಕ್ಸೆಂಬರ್ಗಿನಲ್ಲಿ ಮೊದಲಾದ ಯುರೋಪಿನ ಶಾಲೆಗಳು ಇವೆರಡು ವಿಷಯಗಳನ್ನೇ ಮಗುವಿನ ಎರಡನೆಯ ಭಾಷೆಯಲ್ಲಿ ಕಲಿಸುವ ಪದ್ಧತಿಯನ್ನು ನೆಲೆಗೊಳಿಸಿವೆ, ದಾರಿ ಸವೆದಿದೆ. ಪರದೇಶದ ಮಕ್ಕಳಿಗೆ ಮೊದಲ ವರ್ಷ ಬೇರೆಯಾಗಿ ತೀವ್ರವಾದ ಕನ್ನಡ ತರಗತಿ ಇರಲೆಂದು ಕೇಳಬಹುದು. ಪಾಲಕರ ಸಭೆಯ ಕಲಾಪ ಎರಡು ಭಾಷೆಗಳಲ್ಲಿಯೂ ನಡೆಯಲೆಂದು ಕೇಳಬಹುದು. ಹಿಂದಿನ ಸಾಲಿನಲ್ಲಿ ಬಾಯಿಬಿಡದೆ ಕುಳಿತಿರುವ ಅಜ್ಜ ಅಜ್ಜಿಯರಿಗೆ ಮೊಮ್ಮಗಳ ವಿಷಯದಲ್ಲಿ ಹೇಳುವುದು ಬಹಳವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಕನ್ನಡದ ಅಧ್ಯಾಪಕರಿಗೆ ಭೌತಶಾಸ್ತ್ರದ ಅಧ್ಯಾಪಕರಷ್ಟೇ ಸಂಬಳ, ಅಷ್ಟೇ ದೊಡ್ಡ ಕೊಠಡಿ, ಬೆಳಗಿನ ಪೀರಿಯಡ್ಡು ಕೊಡಿರೆಂದು ಒತ್ತಾಯಿಸಬಹುದು. ಯಾವ ಭಾಷೆಗೆ ಎಷ್ಟು ಮಾನವಿದೆಯೆಂಬುದನ್ನು ಮಕ್ಕಳು ಪರಿಚಯಪತ್ರಿಕೆಯಿಂದ ಓದಿಕೊಳ್ಳುವುದಿಲ್ಲ, ಅಧ್ಯಾಪಕರನ್ನು ಆಡಳಿತವು ನಡೆಸಿಕೊಳ್ಳುವ ರೀತಿಯಿಂದ ತಿಳಿದುಕೊಳ್ಳುತ್ತಾರೆ. ನೂರೈವತ್ತು ಮಕ್ಕಳ ಶಾಲೆಯಲ್ಲಿ ಇದಕ್ಕೆಲ್ಲ ಮೂವರೋ ನಾಲ್ವರೋ ಸಮರ್ಥ ಅಧ್ಯಾಪಕರು ಸಾಕು. ಇದಾವುದನ್ನೂ ಮಾಡಲು ಒಪ್ಪದ ಶಾಲೆಯು ಇಂಗ್ಲಿಷ್ ಶಾಲೆಯಾಗಿ ಮುಂದುವರಿಯಲು ಸ್ವತಂತ್ರವಾಗಿದೆ; ದ್ವಿಭಾಷಾ ಶಾಲೆಯೆಂಬ ಹೆಸರನ್ನು ಮಾತ್ರ ಬರುವ ವರ್ಷದ ಪರಿಚಯಪತ್ರಿಕೆಯಿಂದ ಅದು ತೆಗೆದುಹಾಕಬೇಕು.